ಹಿಂಡುಶಾರ್ಕ್ : ಒಂದು ವಲಸೆ ಮೀನಿನ ಜೀವನ ಮತ್ತು ಅದು ಕಲಿಸುವ ಲೆಕ್ಕ

‘ಸ್ಕೂಲ್’ ಎಂಬ ಇಂಗ್ಲಿಷ್ ಪದಕ್ಕೆ ಪಾಠಶಾಲೆ ಎಂಬ ಅರ್ಥವಿರುವುದು ಎಲ್ಲರಿಗೂ ತಿಳಿದ ಸಂಗತಿ. ಅದೇ ಭಾಷೆಯಲ್ಲಿ ಅದೇ ಕಾಗುಣಿತದ ಇನ್ನೊಂದು ಪದವೂ ಉಂಟು. ಡಚ್ ಭಾಷೆಯಿಂದ ಬಂದ ಆ ಪದಕ್ಕೆ ಮೀನುಗಳ ಹಿಂಡು ಎಂದು ಅರ್ಥ. ಆಸ್ಟ್ರೇಲಿಯದ ದಕ್ಷಿಣ ಕಡಲಿನ ಮೀನುಗಾರರು ಒಂದು ಬಗೆಯ ಶಾರ್ಕನ್ನು ‘ಸ್ಕೂಲ್ ಶಾರ್ಕ್’ ಎಂದು ಕರೆಯುವುದು ಈ ಎರಡನೆಯ ಅರ್ಥದಲ್ಲಿಯೇ. ಕರ್ನಾಟಕದ ಕರಾವಳಿಯಲ್ಲಿ ಬಂಗುಡೆ, ಬೂತಾಯಿ ಮೀನುಗಳು ಹಿಂಡುಗಟ್ಟಿ ಬರುವಂತೆ ಈ ಶಾರ್ಕ್ ಕೂಡ ಹಿಂಡಾಗಿ ಸಂಚರಿಸುತ್ತದೆ. ಆದುದರಿಂದ ಕನ್ನಡದಲ್ಲಿ ಇದನ್ನು ಹಿಂಡುಶಾರ್ಕ್ ಎಂದು ಕರೆಯುವುದು ಉಚಿತವಾದೀತು.

ಈ ಮೀನಿಗೆ ಒಂದೊಂದು ದೇಶದಲ್ಲಿ ಒಂದೊಂದು ಹೆಸರು. ಇಂಗ್ಲೆಂಡಿನಲ್ಲಿ ಇದು ‘ಟೋಪ್’, ಅರ್ಜೆಂಟೀನಾದಲ್ಲಿ ‘ಕಾಸೋನ್’. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇದರ ಈಜುರೆಕ್ಕೆಯನ್ನು ಚೀನೀ ಮಾದರಿಯ ಸಾರು ತಯಾರಿಸಲು ಬಳಸುತ್ತಿದ್ದುದರಿಂದ ‘ಸೂಪ್‌ಫಿನ್’ ಎಂಬ ಹೆಸರು ಬಂದಿತು. ಹೆಸರುಗಳು ಎಷ್ಟೇ ಇದ್ದರೂ ಮೀನು ಒಂದೇ. 1758ರಲ್ಲಿ ಸ್ವೀಡನ್ನಿನ ಲಿನೇಯಸ್ ಇದನ್ನು ವೈಜ್ಞಾನಿಕವಾಗಿ ವರ್ಣಿಸಿದನು. ಇದರ ಇಂದಿನ ಶಾಸ್ತ್ರೀಯ ನಾಮ ಗೇಲಿಯೋರೈನಸ್ ಗೇಲಿಯಸ್. ಮನುಷ್ಯನಿಗೆ ಯಾವ ಕೇಡನ್ನೂ ಬಗೆಯದ ಈ ಪ್ರಾಣಿಯು ಒಂದೇ ಶತಮಾನದಲ್ಲಿ ಅಳಿವಿನ ಅಂಚಿಗೆ ಬಂದು ನಿಂತದ್ದು ಹೇಗೆ ಎಂಬುದು ವಿಚಾರಾರ್ಹವಾದ ವಿಷಯ. ಅದರ ಉತ್ತರವು ಈ ಮೀನಿನ ಜೀವನಕ್ರಮದಲ್ಲಿಯೇ ಅಡಗಿದೆ.

ದೇಹರಚನೆ ಮತ್ತು ನೆಲೆ

ಹಿಂಡುಶಾರ್ಕ್ ತೆಳ್ಳನೆಯ, ನೀಳವಾದ ಮೈಯುಳ್ಳದ್ದು. ಬೆನ್ನು ಬೂದುಬಣ್ಣ, ಹೊಟ್ಟೆ ಬಿಳುಪು. ಮೂತಿ ಉದ್ದವಾಗಿ ಮುಂದಕ್ಕೆ ಚಾಚಿದೆ. ಯುರೋಪಿನ ಕಡಲುಗಳಲ್ಲಿ ಇದು ಸುಮಾರು ಎರಡು ಮೀಟರಿನವರೆಗೆ ಬೆಳೆಯುವುದುಂಟು. ಆಸ್ಟ್ರೇಲಿಯದಲ್ಲಿ ಅದಕ್ಕಿಂತ ತುಸು ಚಿಕ್ಕದು. ಎಲ್ಲ ಶಾರ್ಕುಗಳಂತೆ ಇದರ ಅಸ್ಥಿಪಂಜರವೂ ಗಟ್ಟಿ ಮೂಳೆಯದಲ್ಲ, ಮೃದ್ವಸ್ಥಿಯದು. ಸಾಮಾನ್ಯವಾಗಿ ಮೂಳೆಮೀನುಗಳ ದೇಹದಲ್ಲಿ ಗಾಳಿ ತುಂಬಿದ ಚೀಲವೊಂದಿದ್ದು, ಅವು ಮುಳುಗದಂತೆ ಅದು ನೋಡಿಕೊಳ್ಳುತ್ತದೆ. ಶಾರ್ಕುಗಳಿಗೆ ಅಂಥ ಚೀಲವಿಲ್ಲ. ನೀರಿಗಿಂತ ಹಗುರವಾದ ಎಣ್ಣೆಯಿಂದ ತುಂಬಿದ ದೊಡ್ಡ ಪಿತ್ತಜನಕಾಂಗವೇ ಅವುಗಳ ಭಾರವನ್ನು ಬಹುಮಟ್ಟಿಗೆ ಸರಿದೂಗಿಸುತ್ತದೆ. ಈ ಎಣ್ಣೆಯೇ ಮುಂದೆ ಹಿಂಡುಶಾರ್ಕಿನ ಪಾಲಿಗೆ ಕಂಟಕವಾಯಿತೆಂಬುದನ್ನು ಇಲ್ಲಿ ನೆನಪಿನಲ್ಲಿಡಬೇಕು.

ಇದು ಉಷ್ಣವಲಯದ ಮೀನಲ್ಲ. ಸಮಶೀತೋಷ್ಣ ಕಡಲುಗಳ ನಿವಾಸಿ. ಐಸ್‌ಲೆಂಡ್ ಮತ್ತು ನಾರ್ವೆಗಳಿಂದ ಮೆಡಿಟರೇನಿಯನ್ ಸಮುದ್ರದವರೆಗೆ, ಬ್ರೆಜಿಲಿನ ದಕ್ಷಿಣಭಾಗ ಹಾಗೂ ಅರ್ಜೆಂಟೀನಾಗಳ ಕರೆಯಲ್ಲಿ, ಆಫ್ರಿಕದ ದಕ್ಷಿಣ ತುದಿಯಲ್ಲಿ, ಪೆರು ಮತ್ತು ಚಿಲಿ ದೇಶಗಳ ಪಕ್ಕದಲ್ಲಿ, ಕೆನಡಾದಿಂದ ಮೆಕ್ಸಿಕೋವರೆಗಿನ ಶಾಂತಸಾಗರದ ಅಂಚಿನಲ್ಲಿ, ಆಸ್ಟ್ರೇಲಿಯದ ದಕ್ಷಿಣ ತೀರ ಮತ್ತು ನ್ಯೂಜಿಲೆಂಡುಗಳಲ್ಲಿ ಇದು ವಾಸಿಸುತ್ತದೆ. ಭಾರತದ ಬೆಚ್ಚನೆಯ ಕಡಲಿನಲ್ಲಿ ಇದು ಕಂಡುಬರುವುದಿಲ್ಲ. ಮೀನು, ಕಪ್ಪೆಬೊಂಡಾಸ್, ಅಷ್ಟಪಾದಿ ಮೊದಲಾದುವು ಇದರ ಆಹಾರ. ಆಳವಾದ ನೀರಿನಲ್ಲಿರುವಾಗ ಹಗಲು ತಳದ ಕಡೆಗಿದ್ದು, ರಾತ್ರಿ ಮೇಲಕ್ಕೇರಿ ಬೇಟೆಯಾಡುವುದು ಇದರ ರೂಢಿ.

ವಲಸೆಯ ಅಧ್ಯಯನ

ಕಡಲಿನಲ್ಲಿ ಸಂಚರಿಸುವ ಮೀನಿನ ದಾರಿಯನ್ನು ಮನುಷ್ಯನು ತಿಳಿಯುವುದು ಹೇಗೆ? ಇದಕ್ಕೆ ವಿಜ್ಞಾನಿಗಳು ಕಂಡುಕೊಂಡ ಉಪಾಯ ಸರಳವಾದುದು. ಮೀನನ್ನು ಜೀವಸಹಿತ ಹಿಡಿದು, ಅಳತೆ ಮಾಡಿ, ಸಂಖ್ಯೆ ಬರೆದ ಸಣ್ಣ ಗುರುತುಬಿಲ್ಲೆಯೊಂದನ್ನು ಅದರ ಮೈಗೆ ಸಿಕ್ಕಿಸಿ ಮರಳಿ ಕಡಲಿಗೆ ಬಿಡುವುದು. ಮುಂದೆಂದಾದರೂ ಆ ಮೀನು ಯಾರದಾದರೂ ಬಲೆಗೆ ಬಿದ್ದರೆ, ಬಿಲ್ಲೆಯ ಸಂಖ್ಯೆಯಿಂದ ಅದು ಎಲ್ಲಿಂದ ಎಲ್ಲಿಗೆ, ಎಷ್ಟು ಕಾಲದಲ್ಲಿ ಬಂದಿತೆಂಬುದು ತಿಳಿಯುತ್ತದೆ. ಆಸ್ಟ್ರೇಲಿಯದಲ್ಲಿ ಎ. ಎಂ. ಓಲ್ಸೆನ್ ಎಂಬ ವಿಜ್ಞಾನಿಯು 1940ರ ದಶಕದಲ್ಲಿಯೇ ಈ ಕಾರ್ಯವನ್ನು ಆರಂಭಿಸಿದನು. ಹಿಂಡುಶಾರ್ಕಿನ ಬೆಳವಣಿಗೆ ಹಾಗೂ ವಲಸೆಗಳನ್ನು ಕುರಿತು 1954ರಲ್ಲಿ ಅವನು ಪ್ರಕಟಿಸಿದ ಅಧ್ಯಯನವು ಈ ವಿಷಯದಲ್ಲಿ ಅಡಿಗಲ್ಲಿನಂತಿದೆ.

ಇಂಥ ಅಧ್ಯಯನಗಳಿಂದ ತಿಳಿದುಬಂದ ಸಂಗತಿಗಳು ಆಶ್ಚರ್ಯಕರವಾದುವು. ಈ ಮೀನು ದಿನಕ್ಕೆ 50 ಕಿಲೋಮೀಟರುಗಳಿಗೂ ಹೆಚ್ಚು ದೂರ ಕ್ರಮಿಸಬಲ್ಲದು. ಬ್ರಿಟಿಷ್ ದ್ವೀಪಗಳ ಬಳಿ ಗುರುತು ಮಾಡಿ ಬಿಟ್ಟ ಮೀನುಗಳು ಒಂದು ಕಡೆ ಐಸ್‌ಲೆಂಡಿನಲ್ಲಿಯೂ ಮತ್ತೊಂದು ಕಡೆ ಆಫ್ರಿಕದ ವಾಯವ್ಯಕ್ಕಿರುವ ಕೆನರಿ ದ್ವೀಪಗಳ ಬಳಿಯಲ್ಲಿಯೂ ಸಿಕ್ಕಿವೆ. ಆ ದೂರ ಸುಮಾರು 2,500 ಕಿಲೋಮೀಟರು. ಆಸ್ಟ್ರೇಲಿಯದಲ್ಲಿ ಗುರುತಿಸಿದ ಮೀನುಗಳು ಟಾಸ್ಮನ್ ಸಮುದ್ರವನ್ನು ದಾಟಿ ನ್ಯೂಜಿಲೆಂಡಿನಲ್ಲಿ ದೊರೆತಿವೆ. ಅಲ್ಲಿಯವು ಇಲ್ಲಿಯೂ ದೊರೆತಿವೆ. ಓಲ್ಸೆನ್ನನ ಕಾಲದಲ್ಲಿ ಬಿಲ್ಲೆ ಹೊತ್ತ ಶಾರ್ಕೊಂದು ಮೂವತ್ತೈದು ವರ್ಷಗಳು ಕಳೆದ ಮೇಲೆ ಸಿಕ್ಕಿದ ದಾಖಲೆಯೂ ಉಂಟು. ಮರದ ಕಾಂಡದ ಉಂಗುರಗಳಂತೆ ಶಾರ್ಕಿನ ಬೆನ್ನೆಲುಬಿನಲ್ಲಿ ಕಾಣುವ ಉಂಗುರಗಳನ್ನೆಣಿಸಿ ಅದರ ವಯಸ್ಸನ್ನು ನಿರ್ಧರಿಸುವ ಪದ್ಧತಿಯಿದೆ. ಆದರೆ ಮುದಿ ಶಾರ್ಕುಗಳಲ್ಲಿ ಈ ಎಣಿಕೆ ನಿಜವಾದ ವಯಸ್ಸಿಗಿಂತ ಕಡಿಮೆ ಬರುತ್ತದೆಂಬುದು ಇಂಥ ಬಿಲ್ಲೆಗಳಿಂದ ಸಿದ್ಧವಾಯಿತು. ಈ ಮೀನು ಅರವತ್ತು ವರ್ಷಗಳವರೆಗೂ ಬದುಕಬಹುದೆಂದು ಇಂದು ಅಂದಾಜು ಮಾಡಲಾಗಿದೆ.

ತಾಯ್ತನ

ಹಿಂಡುಶಾರ್ಕ್ ಮೊಟ್ಟೆಯಿಡುವುದಿಲ್ಲ, ಮರಿ ಹಾಕುತ್ತದೆ. ಮೊಟ್ಟೆಗಳು ತಾಯಿಯ ಒಡಲಿನಲ್ಲಿಯೇ ಒಡೆದು, ಭ್ರೂಣಗಳು ಅಲ್ಲಿಯೇ ಬೆಳೆದು, ಸುಮಾರು ಹನ್ನೆರಡು ತಿಂಗಳುಗಳ ಗರ್ಭಾವಸ್ಥೆಯ ನಂತರ ಹೊರಬರುತ್ತವೆ. ಹುಟ್ಟಿದ ಮರಿ ಒಂದು ಅಡಿಯಷ್ಟು ಉದ್ದವಿರುತ್ತದೆ. ಒಂದು ಸಲಕ್ಕೆ ಇಪ್ಪತ್ತರಿಂದ ಮೂವತ್ತೈದು ಮರಿಗಳು ಸಾಮಾನ್ಯ. ತಾಯಿ ದೊಡ್ಡದಾದಷ್ಟೂ ಮರಿಗಳು ಹೆಚ್ಚು. ಆದರೆ ಹೆಣ್ಣುಶಾರ್ಕ್ ಪ್ರಾಯಕ್ಕೆ ಬರಲು ಹತ್ತು ವರ್ಷಗಳಿಗೂ ಹೆಚ್ಚು ಕಾಲ ಬೇಕು. ಅನಂತರವೂ ಅದು ಪ್ರತಿವರ್ಷ ಮರಿ ಹಾಕುವುದಿಲ್ಲ. ಆಸ್ಟ್ರೇಲಿಯದಲ್ಲಿ ಮೂರು ವರ್ಷಗಳಿಗೊಮ್ಮೆ ಮಾತ್ರ.

ಇದನ್ನು ಒಂದು ಲೆಕ್ಕದ ಮೂಲಕ ತಿಳಿಯಬಹುದು. ಹೆಣ್ಣೊಂದು ಹನ್ನೆರಡನೆಯ ವಯಸ್ಸಿನಲ್ಲಿ ಮೊದಲ ಸಲ ಮರಿ ಹಾಕಿ, ಮುಂದೆ ಮೂರು ವರ್ಷಗಳಿಗೊಮ್ಮೆ ಹಾಕುತ್ತ ಮೂವತ್ತನೆಯ ವಯಸ್ಸಿನವರೆಗೆ ಬದುಕಿತೆಂದು ಭಾವಿಸೋಣ. ಆಗ ಅದು ಏಳು ಸಲ ಮರಿ ಹಾಕಿದಂತಾಯಿತು. ಸಲಕ್ಕೆ ಮೂವತ್ತರಂತೆ ಜೀವಮಾನದಲ್ಲಿ 210 ಮರಿಗಳು. ಕಾಡ್ ಎಂಬ ಮೂಳೆಮೀನಿನ ದೊಡ್ಡ ಹೆಣ್ಣೊಂದು ಒಂದೇ ಋತುವಿನಲ್ಲಿ ಹಲವು ಲಕ್ಷ ಮೊಟ್ಟೆಗಳನ್ನಿಡುವುದನ್ನು ಇದರೊಡನೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಮೇಲಿನ ಉದಾಹರಣೆಯ ಹೆಣ್ಣು ಹನ್ನೊಂದನೆಯ ವಯಸ್ಸಿನಲ್ಲಿ ಬಲೆಗೆ ಬಿದ್ದರೆ ಅದರ ಸಂತಾನ ಸೊನ್ನೆ. ಅಷ್ಟರಲ್ಲಿ ಅದು ಮಾರುಕಟ್ಟೆಗೆ ಸಲ್ಲುವಷ್ಟು ದೊಡ್ಡದಾಗಿರುತ್ತದೆ ಎಂಬುದೇ ಇಲ್ಲಿಯ ಅಪಾಯ.

ಮರಿ ಹಾಕುವ ತಾಣಗಳೂ ಎಲ್ಲೆಂದರಲ್ಲಿ ಇರುವುದಿಲ್ಲ. ಆಸ್ಟ್ರೇಲಿಯದಲ್ಲಿ ಗರ್ಭಿಣಿ ಶಾರ್ಕುಗಳು ದೂರದ ಪಶ್ಚಿಮದ ಕಡಲಿನಿಂದ ಬಂದು, ಟಾಸ್ಮೇನಿಯ ಮತ್ತು ವಿಕ್ಟೋರಿಯ ರಾಜ್ಯಗಳ ಆಳವಿಲ್ಲದ, ಅಲೆಗಳ ಹೊಡೆತವಿಲ್ಲದ ಕೊಲ್ಲಿಗಳಲ್ಲಿ ಮರಿ ಹಾಕಿ ಹಿಂತಿರುಗುತ್ತವೆ. ಟಾಸ್ಮೇನಿಯದ ಪಿಟ್ ವಾಟರ್ ಎಂಬ ಹಿನ್ನೀರು, ವಿಕ್ಟೋರಿಯದ ಪೋರ್ಟ್ ಫಿಲಿಪ್ ಕೊಲ್ಲಿ ಇಂಥ ತಾಣಗಳು. ಇವನ್ನು ವಿಜ್ಞಾನಿಗಳು ಮರಿಗಳ ತೊಟ್ಟಿಲು ಎಂದೇ ಎಣಿಸುತ್ತಾರೆ. ತಾಯಿಯ ಪೋಷಣೆಯಿಲ್ಲದೆ ಮರಿಗಳು ತಮ್ಮ ಬಾಲ್ಯವನ್ನು ಇಲ್ಲಿ ಕಳೆದು, ತುಸು ಬಲಿತ ಮೇಲೆ ತೆರೆದ ಕಡಲಿಗೆ ಹೋಗುತ್ತವೆ.

ಎಣ್ಣೆಯ ಬೆಲೆ

ಹೀಗೆ ತಡವಾಗಿ ಪ್ರಾಯಕ್ಕೆ ಬಂದು, ವಿರಳವಾಗಿ ಮರಿ ಹಾಕುವ ಜೀವಿಯ ಮೇಲೆ ಒಮ್ಮೆಗೇ ಬೇಟೆಯ ಭಾರ ಬಿದ್ದರೆ ಏನಾಗುತ್ತದೆಂಬುದನ್ನು ಕ್ಯಾಲಿಫೋರ್ನಿಯಾದ ಚರಿತ್ರೆ ತಿಳಿಸುತ್ತದೆ. 1913ರಲ್ಲಿ ಅಮೆರಿಕದ ವಿಜ್ಞಾನಿಗಳು ಇಂದು ‘ಎ’ ಜೀವಸತ್ತ್ವ ಎನ್ನುವ ಪೋಷಕಾಂಶವನ್ನು ಪತ್ತೆಹಚ್ಚಿದರು. ಇದರ ಕೊರತೆಯಿಂದ ಮಕ್ಕಳಿಗೆ ಇರುಳುಗುರುಡು ಬರುತ್ತದೆ. ಕೊರತೆ ತೀವ್ರವಾದರೆ ಕಣ್ಣೇ ಹೋಗಬಹುದು. ಕಾಡ್ ಮೀನಿನ ಎಣ್ಣೆಯಲ್ಲಿ ಈ ಸತ್ತ್ವ ಹೇರಳವಾಗಿದ್ದುದರಿಂದ ಅದನ್ನು ಔಷಧವಾಗಿ ಕುಡಿಸುವ ಪದ್ಧತಿ ಎಲ್ಲೆಡೆ ಹಬ್ಬಿತು. ಹಿಂಡುಶಾರ್ಕಿನ ಪಿತ್ತಜನಕಾಂಗದ ಎಣ್ಣೆಯಲ್ಲಿ ‘ಎ’ ಜೀವಸತ್ತ್ವವು ಕಾಡ್ ಎಣ್ಣೆಗಿಂತ ಹಲವು ಹತ್ತು ಪಟ್ಟು ಹೆಚ್ಚಾಗಿದೆಯೆಂಬುದು 1937ರ ಸುಮಾರಿಗೆ ಕ್ಯಾಲಿಫೋರ್ನಿಯಾದಲ್ಲಿ ತಿಳಿದುಬಂದಿತು. ಅಲ್ಪಕಾಲದಲ್ಲಿಯೇ ಎರಡನೆಯ ಮಹಾಯುದ್ಧ ಆರಂಭವಾಯಿತು. 1940ರ ಏಪ್ರಿಲಿನಲ್ಲಿ ಜರ್ಮನಿಯು ನಾರ್ವೆಯನ್ನು ಆಕ್ರಮಿಸಿಕೊಂಡಿತು. ಅಲ್ಲಿಂದ ಬರುತ್ತಿದ್ದ ಕಾಡ್ ಎಣ್ಣೆ ನಿಂತುಹೋಯಿತು.

ಇದರ ಪರಿಣಾಮವು ಅನೇಕ ದೇಶಗಳ ಮೇಲಾಯಿತು. ಭಾರತದಲ್ಲಿಯೂ ಆಮದು ನಿಂತ ಕಾರಣ ಮಲಬಾರ್, ತಿರುವಾಂಕೂರು, ಮುಂಬಯಿಗಳಲ್ಲಿ ಸ್ಥಳೀಯ ಶಾರ್ಕುಗಳ ಎಣ್ಣೆಯನ್ನು ತಯಾರಿಸುವ ಉದ್ಯಮ ಬೆಳೆಯಿತು. ಆದರೆ ಆ ಶಾರ್ಕುಗಳು ಬೇರೆ ಜಾತಿಯವು. ಹಿಂಡುಶಾರ್ಕಿನ ಮೇಲೆ ಅತ್ಯಂತ ಕಠಿಣವಾದ ಪ್ರಹಾರ ಬಿದ್ದುದು ಕ್ಯಾಲಿಫೋರ್ನಿಯಾದಲ್ಲಿ. ಕೆಲವು ಹತ್ತು ಡಾಲರುಗಳಿದ್ದ ಟನ್ ಮೀನಿನ ಬೆಲೆ 1940ರ ದಶಕದ ಆರಂಭದಲ್ಲಿ ಸಾವಿರ ಡಾಲರುಗಳನ್ನು ಮೀರಿತು. ಬೇರೆ ಮೀನುಗಳನ್ನು ಹಿಡಿಯುತ್ತಿದ್ದವರೂ ಶಾರ್ಕಿನ ಬೆನ್ನು ಹತ್ತಿದರು. 1930ರಿಂದ 1936ರವರೆಗೆ ವರ್ಷಕ್ಕೆ ಸರಾಸರಿ ಸುಮಾರು 270 ಟನ್ನುಗಳಷ್ಟಿದ್ದ ಶಾರ್ಕಿನ ಹಿಡುವಳಿ 1939ರಲ್ಲಿ 4,000 ಟನ್ನುಗಳನ್ನು ದಾಟಿತು. ಐದೇ ವರ್ಷಗಳ ಬಳಿಕ, 1944ರಲ್ಲಿ, ಅದು 300 ಟನ್ನುಗಳಿಗೂ ಕೆಳಗಿಳಿಯಿತು. ಬೆಲೆ ಇಳಿದುದರಿಂದ ಹೀಗಾದುದಲ್ಲ, ಮೀನು ಇಲ್ಲವಾದುದರಿಂದ ಆಯಿತು.

ಆ ಕಾಲದ ಮೀನುಗಾರಿಕೆಯನ್ನು ಪರಿಶೀಲಿಸಿ 1946ರಲ್ಲಿ ವರದಿ ಪ್ರಕಟಿಸಿದ ರಿಪ್ಲಿ ಎಂಬ ತಜ್ಞನು ಮತ್ತೊಂದು ವಿಶೇಷವನ್ನು ಗುರುತಿಸಿದ್ದಾನೆ. ಕ್ಯಾಲಿಫೋರ್ನಿಯಾದ ಉತ್ತರ ಭಾಗದಲ್ಲಿ ಸಿಗುತ್ತಿದ್ದವು ಬಹುತೇಕ ಗಂಡುಮೀನುಗಳು. ದಕ್ಷಿಣದಲ್ಲಿ ಸಿಗುತ್ತಿದ್ದವು ಬಹುತೇಕ ಹೆಣ್ಣುಗಳು. ಹಿಂಡುಗಳು ಹೀಗೆ ಬೇರೆಬೇರೆಯಾಗಿ ಇರುವುದರಿಂದ, ಒಂದು ತಾಣದಲ್ಲಿ ಬೀಸಿದ ಬಲೆಯು ಒಂದು ಪೀಳಿಗೆಯ ತಾಯಂದಿರನ್ನೇ ಒಟ್ಟಾಗಿ ಎಳೆದು ತರಬಲ್ಲದು. ಹಿಂಡಾಗಿ ಬಾಳುವುದು ಈ ಮೀನಿಗೆ ನಿಸರ್ಗವು ಕೊಟ್ಟ ರೂಢಿ. ಮನುಷ್ಯನ ಬಲೆಯ ಮುಂದೆ ಅದೇ ಅದರ ದೌರ್ಬಲ್ಯವಾಯಿತು.

1947ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದ ಔಷಧಸಂಸ್ಥೆಯೊಂದರಲ್ಲಿ ಓಟ್ಟೊ ಇಸ್ಲರ್ ಮತ್ತು ಸಂಗಡಿಗರು ‘ಎ’ ಜೀವಸತ್ತ್ವವನ್ನು ರಾಸಾಯನಿಕವಾಗಿ ತಯಾರಿಸುವ, ಕೈಗಾರಿಕೆಗೆ ಒಗ್ಗುವ ವಿಧಾನವನ್ನು ಕಂಡುಹಿಡಿದರು. ಕೆಲವೇ ವರ್ಷಗಳಲ್ಲಿ ಶಾರ್ಕ್ ಎಣ್ಣೆಗೆ ಬೇಡಿಕೆ ಕುಸಿಯಿತು. ಮಕ್ಕಳ ಕಣ್ಣಿಗೆ ಬೇಕಾದ ಔಷಧ ಪ್ರಯೋಗಶಾಲೆಯಿಂದ ಬಂದಿತು. ಕಡಲಿನ ಮೀನಿಗೂ ಅದರಿಂದ ಉಸಿರಾಡಲು ಬಿಡುವು ದೊರೆಯಿತು. ಒಂದು ಜೀವಿಯನ್ನು ಉಳಿಸಬೇಕೆಂಬ ಉದ್ದೇಶ ಆ ರಸಾಯನಶಾಸ್ತ್ರಜ್ಞರಿಗೆ ಇದ್ದಿರಲಾರದು. ಆದರೂ ವಿಜ್ಞಾನದ ಒಂದು ಶಾಖೆಯಲ್ಲಿ ಮಾಡಿದ ಕೆಲಸವು ಮತ್ತೊಂದು ಕ್ಷೇತ್ರದಲ್ಲಿ ಫಲ ಕೊಡುವುದಕ್ಕೆ ಇದು ಒಳ್ಳೆಯ ನಿದರ್ಶನ.

ಆಸ್ಟ್ರೇಲಿಯದ ಅನುಭವ

ಕ್ಯಾಲಿಫೋರ್ನಿಯಾದಲ್ಲಿ ಎಣ್ಣೆಯೊಡನೆ ಬೇಟೆಯೂ ಇಳಿಯಿತು. ಆಸ್ಟ್ರೇಲಿಯದಲ್ಲಿ ಹಾಗಾಗಲಿಲ್ಲ. ಅಲ್ಲಿ 1920ರ ದಶಕದಲ್ಲಿ ಆರಂಭವಾದ ಶಾರ್ಕ್ ಮೀನುಗಾರಿಕೆಯು ಎಣ್ಣೆಯ ಕಾಲ ಮುಗಿದ ಮೇಲೆ ಮಾಂಸಕ್ಕಾಗಿ ಮುಂದುವರಿಯಿತು. ಕರಿದ ಮೀನು ಮತ್ತು ಆಲೂಗಡ್ಡೆ ಮಾರುವ ಅಂಗಡಿಗಳಲ್ಲಿ ‘ಫ್ಲೇಕ್’ ಎಂಬ ಹೆಸರಿನಿಂದ ಶಾರ್ಕಿನ ಮಾಂಸಕ್ಕೆ ಬೇಡಿಕೆಯಿತ್ತು. 1960ರ ದಶಕದಲ್ಲಿ ಗಾಳದ ಸಾಲುಗಳ ಸ್ಥಾನದಲ್ಲಿ ಕಿವಿಬಲೆಗಳು ಬಂದವು. ಹಿಡಿಯುವ ಶಕ್ತಿ ಇನ್ನಷ್ಟು ಹೆಚ್ಚಿತು.

1972ರಲ್ಲಿ ವಿಕ್ಟೋರಿಯ ರಾಜ್ಯವು ದೊಡ್ಡ ಗಾತ್ರದ ಹಿಂಡುಶಾರ್ಕುಗಳ ಮಾರಾಟವನ್ನು ನಿಷೇಧಿಸಿತು. ಇದು ಮೀನಿನ ಮೇಲಣ ಕರುಣೆಯಿಂದಲ್ಲ. ಅದರ ಮಾಂಸದಲ್ಲಿ ಪಾದರಸದ ಪ್ರಮಾಣ ಅಧಿಕವಾಗಿತ್ತೆಂಬ ಕಾರಣದಿಂದ. ದೀರ್ಘಾಯುವಾದ ಬೇಟೆಮೀನು ತಾನು ತಿಂದ ಸಣ್ಣ ಮೀನುಗಳಲ್ಲಿರುವ ಪಾದರಸವನ್ನು ವರ್ಷಾನುವರ್ಷ ತನ್ನ ದೇಹದಲ್ಲಿ ಕೂಡಿಹಾಕುತ್ತ ಹೋಗುತ್ತದೆ. ಈ ನಿಷೇಧದಿಂದ ಮೀನಿಗೆ ಸ್ವಲ್ಪಕಾಲ ಬಿಡುವು ಸಿಕ್ಕಿತು. ನಿಯಮ ಸಡಿಲವಾದೊಡನೆ ಹಿಡಿಯುವಿಕೆ ಮತ್ತೆ ಏರಿತು.

ಮರಿಗಳ ತೊಟ್ಟಿಲಿನ ಸ್ಥಿತಿ ಇನ್ನೂ ಚಿಂತಾಜನಕವಾಗಿತ್ತು. ಓಲ್ಸೆನ್ ಅರ್ಧ ಶತಮಾನದ ಹಿಂದೆ ಮರಿಗಳನ್ನೆಣಿಸಿದ್ದ ಕೊಲ್ಲಿಗಳಲ್ಲಿಯೇ 1990ರ ದಶಕದಲ್ಲಿ ವಿಜ್ಞಾನಿಗಳು ಮತ್ತೆ ಬಲೆ ಬೀಸಿ ನೋಡಿದರು. ಮರಿಗಳ ಸಂಖ್ಯೆ ಬಹಳ ಇಳಿದಿರುವುದು ಕಂಡುಬಂದಿತು. ಹಿಂದಿನವನೊಬ್ಬನು ಶ್ರದ್ಧೆಯಿಂದ ಬರೆದಿಟ್ಟ ಲೆಕ್ಕವಿಲ್ಲದಿದ್ದರೆ ಈ ನಷ್ಟವನ್ನು ಅಳೆಯಲು ಸಾಧನವೇ ಇರುತ್ತಿರಲಿಲ್ಲ ಎಂಬುದನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸತಕ್ಕದ್ದು.

ಟಾಸ್ಮೇನಿಯದಲ್ಲಿ ಇಂಥ ಕೊಲ್ಲಿಗಳನ್ನು ಶಾರ್ಕುಗಳ ಆಶ್ರಯತಾಣಗಳೆಂದು ಘೋಷಿಸಿ ಅಲ್ಲಿ ಅವನ್ನು ಹಿಡಿಯದಂತೆ ಕಾಪಾಡಲಾಗುತ್ತಿದೆ. 2001ರಿಂದ ಹಿಡುವಳಿಗೆ ಮಿತಿ ಗೊತ್ತುಪಡಿಸಲಾಯಿತು. 2008ರಲ್ಲಿ ಮೀನಿನ ಪುನರುದ್ಧಾರಕ್ಕಾಗಿ ಯೋಜನೆಯೊಂದು ರೂಪುಗೊಂಡಿತು. 2009ರಲ್ಲಿ ಕೇಂದ್ರ ಸರ್ಕಾರವು ಇದನ್ನು ಸಂರಕ್ಷಣೆಯನ್ನು ಅವಲಂಬಿಸಿದ ಜೀವಿಗಳ ಪಟ್ಟಿಗೆ ಸೇರಿಸಿತು. ಇಂಗ್ಲೆಂಡ್ ಕೂಡ 2008ರಲ್ಲಿ ಟೋಪ್ ಮೀನುಗಾರಿಕೆಯನ್ನು ನಿರ್ಬಂಧಿಸುವ ಆಜ್ಞೆಯನ್ನು ಹೊರಡಿಸಿತು.

ಮೂರು ವರ್ಷಗಳಿಗೊಮ್ಮೆ ಬರುವ ಅತಿಥಿ

ಇತ್ತೀಚಿನ ಸಂಶೋಧನೆಗಳು ಈ ಮೀನಿನ ಬಾಳಿನ ಮೇಲೆ ಹೊಸ ಬೆಳಕು ಚೆಲ್ಲಿವೆ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊ ನಗರಕ್ಕೆ ಸೇರಿದ ಲಾ ಹೋಯಾ ಎಂಬ ಕಡಲತೀರದ ಬಳಿ ಮೂವತ್ತಕ್ಕೂ ಹೆಚ್ಚು ಬಲಿತ ಹೆಣ್ಣುಶಾರ್ಕುಗಳ ಒಡಲಿನಲ್ಲಿ, ಶಬ್ದಸಂಕೇತ ಹೊರಡಿಸುವ ಪುಟ್ಟ ಯಂತ್ರಗಳನ್ನಿಟ್ಟು ಏಳು ವರ್ಷಗಳ ಕಾಲ ಅವುಗಳ ಸಂಚಾರವನ್ನು ದಾಖಲಿಸಲಾಯಿತು. 2021ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ ಅವು ಉತ್ತರದಲ್ಲಿ ವಾಷಿಂಗ್ಟನ್ ರಾಜ್ಯದ ಕಡಲಿನವರೆಗೂ ದಕ್ಷಿಣದಲ್ಲಿ ಮೆಕ್ಸಿಕೋ ದೇಶದ ಕಡಲಿನವರೆಗೂ ಅಲೆದಾಡಿ, ಮೂರನೆಯ ವರ್ಷಕ್ಕೆ ಸರಿಯಾಗಿ ಮತ್ತೆ ಲಾ ಹೋಯಾಕ್ಕೇ ಮರಳಿದವು. ಗರ್ಭದಲ್ಲಿರುವ ಮರಿಗಳು ಬೇಗ ಬೆಳೆಯಲೆಂದು ಅವು ಅಲ್ಲಿಯ ಬೆಚ್ಚನೆಯ ನೀರನ್ನು ಅರಸಿ ಬರುತ್ತವೆಂದು ವಿಜ್ಞಾನಿಗಳು ಊಹಿಸುತ್ತಾರೆ. ಅಂದು ಓಲ್ಸೆನ್ ಮತ್ತು ರಿಪ್ಲಿ ಬಲೆಗೆ ಬಿದ್ದ ಮೀನುಗಳಿಂದ ಅರಿತುದನ್ನು ಇಂದು ಜೀವಂತ ಮೀನೇ ತಿಳಿಸುತ್ತಿದೆ.

ಇದರಿಂದ ವ್ಯಕ್ತವಾಗುವ ಸಂಗತಿಯೇನು? ಕಡಲು ವಿಶಾಲವಾಗಿದೆಯಾದರೂ ಹಿಂಡುಶಾರ್ಕಿನ ವಂಶವು ಕೆಲವೇ ಚಿಕ್ಕ ತಾಣಗಳನ್ನು ನೆಚ್ಚಿಕೊಂಡಿದೆ. ಸಾವಿರಾರು ಮೈಲಿ ಸುತ್ತುವ ಮೀನಿಗೆ ಮರಳಿ ಬರಲು ಒಂದು ಕೊಲ್ಲಿ ಉಳಿದಿರಬೇಕು. ಅಲ್ಲದೆ ಅದು ದಾಟುವ ನೀರು ಒಂದೇ ದೇಶಕ್ಕೆ ಸೇರಿದ್ದಲ್ಲ. ಒಂದು ದೇಶವು ಕಾಪಾಡಿದ ಮರಿಯನ್ನು ಮತ್ತೊಂದು ದೇಶದ ಬಲೆ ಹಿಡಿಯಬಹುದು. ಆದುದರಿಂದ ಇದರ ರಕ್ಷಣೆಗೆ ರಾಷ್ಟ್ರಗಳ ಒಡಂಬಡಿಕೆಯೇ ಬೇಕು.

ಈ ದಿಸೆಯಲ್ಲಿ ನಡೆದ ಮುಖ್ಯ ನಿರ್ಣಯವೊಂದಕ್ಕೆ ಭಾರತವೇ ವೇದಿಕೆಯಾಯಿತು. ವಲಸೆ ಪ್ರಾಣಿಗಳ ಸಂರಕ್ಷಣೆಗಾಗಿ ಇರುವ ಅಂತರರಾಷ್ಟ್ರೀಯ ಒಡಂಬಡಿಕೆಯ ಹದಿಮೂರನೆಯ ಸಮ್ಮೇಳನವು 2020ರ ಫೆಬ್ರವರಿಯಲ್ಲಿ ಗುಜರಾತಿನ ಗಾಂಧಿನಗರದಲ್ಲಿ ಜರುಗಿತು. ರಾಷ್ಟ್ರಗಳು ಪರಸ್ಪರ ಸಹಕಾರದಿಂದ ಕಾಪಾಡಬೇಕಾದ ಜೀವಿಗಳ ಪಟ್ಟಿಗೆ ಈ ಶಾರ್ಕನ್ನು ಅಲ್ಲಿ ಸೇರಿಸಲಾಯಿತು. ತನ್ನ ಕಡಲಿನಲ್ಲಿಲ್ಲದ ಮೀನಿನ ಹಿತಕ್ಕಾಗಿ ಭಾರತದ ನೆಲದಲ್ಲಿ ತೀರ್ಮಾನವಾದುದು ಸಂತೋಷದ ಸಂಗತಿ. ಅದೇ ವರ್ಷ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವು ಇದನ್ನು ಅಳಿವಿನ ತೀವ್ರ ಭೀತಿಯಲ್ಲಿರುವ ಜೀವಿಯೆಂದು ಸಾರಿದುದು ಅಷ್ಟೇ ಕಳವಳದ ಸಂಗತಿ.

ಉಪಸಂಹಾರ

ದತ್ತಿಯ ವ್ಯವಹಾರವನ್ನು ಬಲ್ಲವರಿಗೆ ಈ ಮೀನಿನ ಲೆಕ್ಕ ಸುಲಭವಾಗಿ ಅರ್ಥವಾಗುತ್ತದೆ. ಮೂಲಧನ ಹಾಗೆಯೇ ಉಳಿದು, ಬಡ್ಡಿಯಿಂದ ಮಾತ್ರ ವೆಚ್ಚ ನಡೆದರೆ ದತ್ತಿ ತಲೆಮಾರುಗಳವರೆಗೆ ನಡೆಯುತ್ತದೆ. ಬಡ್ಡಿಯ ದರ ಕಡಿಮೆಯಿದ್ದಷ್ಟೂ ವೆಚ್ಚ ಮಾಡುವವನ ಕೈ ಬಿಗಿಯಾಗಿರಬೇಕು. ಬಂಗುಡೆಯಂಥ ಮೀನು ಹೆಚ್ಚು ಬಡ್ಡಿ ತರುವ ನಿಧಿಯಾದರೆ, ಹಿಂಡುಶಾರ್ಕ್ ಅತ್ಯಲ್ಪ ಬಡ್ಡಿ ತರುವ ನಿಧಿ. ಕ್ಯಾಲಿಫೋರ್ನಿಯಾದವರು ಏಳೆಂಟು ವರ್ಷಗಳಲ್ಲಿ ಮೂಲಧನವನ್ನೇ ವೆಚ್ಚ ಮಾಡಿದರು. ಅವರು ದುಷ್ಟರಾಗಿದ್ದರೆಂದು ಹೇಳಲಾಗದು. ಯುದ್ಧಕಾಲದಲ್ಲಿ ಜನರ ಆರೋಗ್ಯಕ್ಕೆ ಬೇಕಾದ ವಸ್ತುವನ್ನೇ ಅವರು ಒದಗಿಸಿದರು. ಉದ್ದೇಶ ಒಳ್ಳೆಯದಾಗಿದ್ದರೂ ಲೆಕ್ಕ ತಪ್ಪಿದರೆ ನಷ್ಟ ತಪ್ಪುವುದಿಲ್ಲ ಎಂಬುದಕ್ಕೆ ಅದೇ ಸಾಕ್ಷಿ.

ಇಂದು ಹುಟ್ಟಿದ ಹಿಂಡುಶಾರ್ಕಿನ ಹೆಣ್ಣುಮರಿ ತಾಯಿಯಾಗುವ ಹೊತ್ತಿಗೆ, ಇಂದು ಒಂದನೆಯ ತರಗತಿಗೆ ಸೇರಿದ ಬಾಲಕನು ಪ್ರೌಢಶಾಲೆಯನ್ನು ಮುಗಿಸಿ ಹೊರಟಿರುತ್ತಾನೆ. ಅಷ್ಟು ಕಾಲ ಅದು ಬದುಕಿ ಉಳಿಯುವಂತೆ ತೊಟ್ಟಿಲಿನ ಕೊಲ್ಲಿಗಳನ್ನು ಕಾಯ್ದಿರಿಸುವುದೇ ದೂರದ ಆ ಕಡಲುಗಳಲ್ಲಿ ನಡೆಯುತ್ತಿರುವ ಕೆಲಸ. ಅದರ ಫಲವನ್ನು ಕಾಣುವವರು ಕೆಲಸವನ್ನು ಆರಂಭಿಸಿದವರಲ್ಲ, ಮುಂದೆ ಬರುವವರು.